ಕೊಸರು

ಬಂದರಿನ ಗೋಡೌನುಗಳಿಗೆ ಈಗ ಕಿಟಕಿಯೇ ಬಾಗಿಲು.
ಬೋಳಾರದಲ್ಲಿ ಹಂಚಿನ ಕಾರ್ಖಾನೆಯ ಚಿಮಣಿ ಒಂದೇ
ನೀರಿನಿಂದ ಕುತ್ತಿಗೆ ಎತ್ತಿ ಗುಡ್ಡೆಯ ಕಡೆ ನೋಡುತ್ತದೆ.
ನಾನು ಎರಡೂ ಕಡೆಯವಳು, ಎಂದರೆ
ಎರಡೂ ಕಡೆಯವರು ನನ್ನನ್ನು ಒಳಗೆ ಕೂರಿಸುವುದಿಲ್ಲ.

ಹೆಸರು ಅಕ್ಕು. ಕಸುಬು ಬದಲಿ.
ಬಾವುಟಗುಡ್ಡೆಯ ಮೇಲಿನವರಿಗೆ ಶಿಕ್ಷೆಯಾದರೆ
ಅದನ್ನು ಕೂತು ಮುಗಿಸಲು ಕೆಳಗಿನಿಂದ ಒಂದು ಮೈ ಬೇಕು.
ಕಾನೂನಿಗೆ ತಿಂಗಳು ಮುಖ್ಯ, ಮುಖ ಅಲ್ಲ.
ತಿಂಗಳಿಗೆ ಮುನ್ನೂರು ಲೀಟರ್, ತುಂಬೆಯ ಸಿಹಿನೀರು,
ಸೀಲು ಒಡೆಯದ ಕ್ಯಾನು, ಮನೆ ಬಾಗಿಲಿಗೆ,
ಅಂದರೆ ಕಿಟಕಿಗೆ.
ನನಗೆ ಹತ್ತಕ್ಕೊಂದು.

ಗೇಟಿನಲ್ಲಿ ಚಪ್ಪಲಿ ಬದಲಿಸುತ್ತೇನೆ, ಭಾಷೆಯನ್ನೂ.
ಮೇಲೆ ಸರ್, ಮೇಡಂ; ಕೆಳಗೆ ತುಳುವಿನಲ್ಲಿ ಬೈಗುಳ.
ಕಾವಲಿನ ಯಂತ್ರ ಮೂಸುತ್ತದೆ,
ಮೈಯಲ್ಲಿ ಉಪ್ಪು ಸಿಕ್ಕಿದರೆ ಕೂಗುತ್ತದೆ.
ಅದರ ಬಾಯಿ ಮುಚ್ಚಿಸಲು ತಿಂಗಳಿಗೊಮ್ಮೆ ಕಾವಲಿನವನಿಗೆ
ಕಾಣೆಮೀನು. ಸಾಕಿದ್ದಲ್ಲ, ಸಮುದ್ರದ್ದು.

ಅಮ್ಮ ಬುಟ್ಟಿ ಹೊತ್ತು ಇದೇ ಗುಡ್ಡೆ ಹತ್ತುತ್ತಿದ್ದಳು.
ಗೇಟು ಇರಲಿಲ್ಲ ಆಗ, ನಾಯಿ ಮಾತ್ರ.
ಬಂಗುಡೆಯ ಕಿವಿರು ಎತ್ತಿ ಕೆಂಪು ತೋರಿಸಿ
"ನೋಡಿ ಅಮ್ಮ, ಜೀವ ಈಗಷ್ಟೇ ಹೋದದ್ದು" ಎನ್ನುತ್ತಿದ್ದಳು.
ಚೌಕಾಸಿ ಮುಗಿದ ಮೇಲೆ ಇನ್ನೊಂದು ಮೀನು
ತಟ್ಟೆಗೆ ಎಸೆಯುತ್ತಿದ್ದಳು, ಕೊಸರು.
ಲೆಕ್ಕದಲ್ಲಿ ಇಲ್ಲದ್ದು. ಅದಕ್ಕೇ ಅವಳು
ಸಾಲದಲ್ಲಿ ಸತ್ತಳು ಎಂದು ನನ್ನ ಲೆಕ್ಕ.

ನಾನೂ ಕಿವಿರು ನೋಡಿಯೇ ಕೊಳ್ಳುವುದು.
ಕಣ್ಣಿನ ಕೆಳರೆಪ್ಪೆ ಎಳೆದು: ಕೆಂಪು ಇದ್ದರೆ ಜೈಲು ತಡೆಯುತ್ತದೆ,
ಬಿಳುಚಿದ್ದರೆ ಮುಂದಿನ ವರ್ಷ ಬಾ ಮಾರಾಯ.
ಅಳುವವರನ್ನು ನಾನು ದೋಣಿ ಹತ್ತಿಸುವುದಿಲ್ಲ,
ದೋಣಿ ಸಣ್ಣದು.

ದೂಮನಿಗೆ ಹತ್ತೊಂಬತ್ತು. ಬೆಂಗ್ರೆಯವ,
ಎಂದರೆ ಬೆಂಗ್ರೆ ಇದ್ದಾಗ ಅವನ ಅಜ್ಜಿ ಅಲ್ಲಿಯವಳು.
ರೆಪ್ಪೆ ಎಳೆದೆ. ಅಂತಹ ಕೆಂಪು
ಆ ವರ್ಷ ನಾನು ಕಂಡದ್ದು ಅದೊಂದೇ.
ಹನ್ನೆರಡು ತಿಂಗಳು ಎಂದೆ. ತಲೆಯಾಡಿಸಿದ.
ಹೆಬ್ಬೆಟ್ಟು ಒತ್ತುವ ಮೊದಲು ನಕ್ಕು ಕೇಳಿದ,
"ಕೊಸರು ಎಂತ ಉಂಟು, ಅಕ್ಕಾ?"
ಇಲ್ಲ ಎಂದೆ. ಆ ಶಬ್ದ
ಒಬ್ಬರ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ.

ಏಳನೇ ಮಹಡಿಯ ಸಾಹೇಬರು ಚಾ ಕೊಟ್ಟರು,
ಕಾಗದದ ಲೋಟದಲ್ಲಿ, ಹೊರಗಿನ ಬೆಂಚಿಗೆ.
ಪೈಪು ಹಿಡಿದು ಕುಂಡದ ಗುಲಾಬಿಗೆ ನೀರು ಬಿಡುತ್ತಲೇ ಹೇಳಿದರು,
"ತಂಗಿಯ ಮಗನದ್ದೊಂದು ಸಣ್ಣ ಕೇಸು ಉಂಟು, ಎರಡೇ ತಿಂಗಳು.
ಹೇಗೂ ಒಳಗೆ ಇರುತ್ತಾನಲ್ಲ ನಿಮ್ಮ ಹುಡುಗ.
ಕೊಸರು ಅಂತ ಹಾಕಿಬಿಡಿ."

ನೀರು ಕುಂಡ ತುಂಬಿ ನೆಲಕ್ಕೆ ಹರಿಯಿತು.
ಕಾಲು ಎತ್ತಿಕೊಂಡೆ, ಒದ್ದೆಯಾಗದಂತೆ.
ಚಾ ಮುಗಿಸಿದೆ.
೧೨ರ ಎರಡನ್ನು ನಾಲ್ಕು ಮಾಡುವುದು ಕಷ್ಟವಲ್ಲ,
ಪೆನ್ನು ಒಳ್ಳೆಯದಿದ್ದರೆ.

ಹದಿಮೂರನೇ ತಿಂಗಳಿಗೆ ಕರಾರಿನಲ್ಲಿ ನೀರಿಲ್ಲ.
ಆದರೂ ಒಂದು ಕ್ಯಾನು ಹಾಕಿಕೊಂಡು ಹೊರಟೆ.
ಯಾಕೆ ಎಂದು ಕೇಳಬೇಡಿ. ಗಾಳಿ ಇತ್ತು ಅಂದು,
ದೋಣಿಗೆ ಭಾರ ಬೇಕಿತ್ತು.
ಪದ್ದು ಅಜ್ಜಿ ಕಿಟಕಿಯಲ್ಲಿ ಕೂತಿದ್ದಳು,
ಅಮ್ಮನ ಜೊತೆ ಬುಟ್ಟಿ ಹೊತ್ತವಳು.
"ಲೆಕ್ಕ ಮುಗಿಯಿತಲ್ಲ. ಹುಡುಗ ಎಲ್ಲಿ?"
"ಇನ್ನೆರಡು ತಿಂಗಳು."
"ಮತ್ತೆ ಇದು?"
ಬಾಯಿ ತೆರೆದೆ. ಆ ಶಬ್ದ ಬರಲಿಲ್ಲ.

ಬಾ ಇಲ್ಲಿ ಎಂದು ಗದ್ದ ಹಿಡಿದು
ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು,
ಮಾರ್ಕೆಟಿನಲ್ಲಿ ನೋಡುವಷ್ಟೇ ಹೊತ್ತು.
ಕೈಯನ್ನು ಸೀರೆಗೆ ಒರೆಸಿಕೊಂಡಳು.
"ಐಸಿನದ್ದು" ಎಂದಳು.

ಕ್ಯಾನು ಒಳಗಿಟ್ಟು ಇಳಿದೆ. ಹಗ್ಗ ಬಿಚ್ಚುವಾಗ
ಹಳೆಯ ಖಾಲಿ ಕ್ಯಾನು ವಾಪಸು ಕೇಳುವುದನ್ನು
ಮರೆಯಲಿಲ್ಲ.